ಬಡಾವಣೆ ಸಾಹಿತ್ಯೋತ್ಸವ: ಬಳಕೆದಾರರ ಕೈಪಿಡಿ (ಪದ್ಮನಾಭನಗರ ಮಾದರಿ)

ಮೊದಲು ಇದನ್ನು ಓದಿ

ಅಭಿನಂದನೆಗಳು. "ನಮ್ಮ ಏರಿಯಾದಲ್ಲೂ ಒಂದು ಸಾಹಿತ್ಯದ ಹಬ್ಬ ಆಗಬೇಕು ಸಾರ್" ಎಂದು ಬೆಳಗಿನ ವಾಕಿಂಗಿನಲ್ಲಿ ನೀವು ಯಾರಿಗೋ ಹೇಳಿದ್ದೀರಿ. ಅವರು "ಮಾಡೋಣ, ಮಾಡೋಣ" ಎಂದಿದ್ದಾರೆ. ಅಲ್ಲಿಗೆ ನೀವು ಸಂಚಾಲಕರಾದಿರಿ, ಅವರು ಗೌರವ ಸಲಹೆಗಾರರಾದರು. ಮಾರಿದ ಮಾಲನ್ನು ವಾಪಸು ಪಡೆಯಲಾಗುವುದಿಲ್ಲ.

ಈ ಕೈಪಿಡಿಯನ್ನು ಪದ್ಮನಾಭನಗರದ ಅಳತೆಗೆ ಬರೆಯಲಾಗಿದೆ. ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟಿನವರೂ ಧಾರಾಳವಾಗಿ ಬಳಸಬಹುದು. ದಾರಿ ಹೇಳುವ ಕಡೆ ಬರುವ ಪೆಟ್ರೋಲ್ ಬಂಕನ್ನು ಬದಲಾಯಿಸಿಕೊಂಡರೆ ಸಾಕು. ನಮ್ಮಲ್ಲಿ ಎಲ್ಲ ದಾರಿಗಳೂ ದೇವೇಗೌಡ ಪೆಟ್ರೋಲ್ ಬಂಕಿನಿಂದಲೇ ಶುರುವಾಗುತ್ತವೆ. ಕೆ.ಎಸ್. ನಿಸಾರ್ ಅಹಮದ್ ಕೊನೆಯವರೆಗೂ ಇದ್ದದ್ದು ಇದೇ ಪದ್ಮನಾಭನಗರದಲ್ಲಿ; 2020ರ ಮೇ 3ರಂದು ತೀರಿಕೊಂಡರು. ಅವರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಕನ್ನಡ ಭಾವಗೀತೆಯನ್ನು ಮನೆಮನೆಯ ಟೇಪ್‌ರೆಕಾರ್ಡರಿಗೆ ತಂದಿತು. ಆದರೂ ಆಟೋದವರಿಗೆ "ನಿಸಾರ್ ಅಹಮದ್ ಮನೆ ಹತ್ರ" ಎಂದು ಹೇಳಿ ಯಾರಾದರೂ ಮನೆ ಮುಟ್ಟಿದ್ದನ್ನು ನಾನಂತೂ ಕೇಳಿಲ್ಲ. ಬಡಾವಣೆಗೊಂದು ಸಾಹಿತ್ಯೋತ್ಸವ ಯಾಕ್ರೀ ಬೇಕು ಎಂದು ಯಾರಾದರೂ ಕೇಳಿದರೆ ಇಷ್ಟು ಹೇಳಿ ಮುಂದೆ ಹೋಗಿ.

ಶಕ್ತಿಯ ಮೂಲ

ಈ ಯಂತ್ರ ಕರೆಂಟಿನಿಂದ ನಡೆಯುವುದಿಲ್ಲ, ದುಡ್ಡಿನಿಂದಲೂ ನಡೆಯುವುದಿಲ್ಲ. ದಾಕ್ಷಿಣ್ಯದಿಂದ ನಡೆಯುತ್ತದೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಲೆಕ್ಕ ಬರೆಯಲು ಒಪ್ಪುವುದು ನಿಮ್ಮ ಮಾವನವರ ಜತೆ ಒಂದೇ ಬ್ರಾಂಚಿನಲ್ಲಿದ್ದರು ಎಂಬುದಕ್ಕೆ. ಶಾಮಿಯಾನದವರು ಕುರ್ಚಿ ಬಾಡಿಗೆಯಲ್ಲಿ ಸ್ವಲ್ಪ ಬಿಡುವುದು ನಿಮ್ಮ ಮಗಳ ಮದುವೆಗೂ ಅವರೇ ಹಾಕಿದ್ದರು ಎಂಬುದಕ್ಕೆ. ಹೆಸರಾಂತ ವಿಮರ್ಶಕರು ಬರಿಗೈಯಲ್ಲಿ ಕರೆದರೂ ಬರುವುದು, ಅವರ ಪುಸ್ತಕ ಬಿಡುಗಡೆಗೆ ನೀವು ಕೊನೆಯ ವಂದನಾರ್ಪಣೆಯವರೆಗೆ ಕೂತಿದ್ದಿರಿ ಎಂಬುದಕ್ಕೆ.

ಈ ಶಕ್ತಿಯ ಒಂದು ಗುಣ ತಿಳಿದಿರಲಿ: ಅದು ಎರಡೂ ಕಡೆ ಹರಿಯುತ್ತದೆ. ಲೆಕ್ಕ ಬರೆದವರ ಮನೆಯವರು ಚುಟುಕ ಬರೆಯುತ್ತಾರೆ. ಶಾಮಿಯಾನದವರ ಭಾವಮೈದ ಮಿಮಿಕ್ರಿ ಮಾಡುತ್ತಾರೆ. ವಿಮರ್ಶಕರ ಶಿಷ್ಯರೊಬ್ಬರು ಅಧ್ಯಯನದ ನಡುವೆ ಬಿಡುವು ಮಾಡಿಕೊಂಡು ಒಂದು ಗೋಷ್ಠಿಗೆ ಅಧ್ಯಕ್ಷರಾಗಲು ಸಿದ್ಧರಿರುತ್ತಾರೆ. ಬಡಾವಣೆಯ ಹಬ್ಬ ಬೆಳೆಯುವುದು ಹೀಗೆಯೇ. ಕೇಳುವ ಜನ ಹೆಚ್ಚಾದರು ಎಂದು ಗೋಷ್ಠಿ ಹೆಚ್ಚುವುದಿಲ್ಲ. ಇಲ್ಲ ಎನ್ನಲಾಗದ ಜನ ಹೆಚ್ಚಾದರು ಎಂದು ಹೆಚ್ಚುತ್ತದೆ. ಮುಂದೆ ಎಲ್ಲೇ ಏನೇ ಕೆಟ್ಟರೂ ಮೊದಲು ನೋಡಬೇಕಾದದ್ದು ಈ ಮೂಲವನ್ನು. ಆಫ್ ಮಾಡುವ ಗುಂಡಿ ಕೊಟ್ಟಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಸ್ವಯಂಸೇವಕರು ಮೂರು ಬಗೆಯಲ್ಲಿ ಬರುತ್ತಾರೆ. ನಿವೃತ್ತರು ಮೊದಲನೆಯವರು. ಇವರಿಗೆ ಸಮಯವಿದೆ, ಅನುಭವವಿದೆ, 1984ರಲ್ಲಿ ತಮ್ಮ ಆಫೀಸಿನ ಕನ್ನಡ ಸಂಘದಲ್ಲಿ ಇದನ್ನೆಲ್ಲ ಹೇಗೆ ಮಾಡಿದ್ದೆವು ಎಂಬ ನೆನಪಿದೆ. ಕುರ್ಚಿ ಎತ್ತುವುದಕ್ಕೆ ಮಾತ್ರ ಮಂಡಿ ಇಲ್ಲ. ಎರಡನೆಯವರು ಐಟಿಯವರು. ವಾಟ್ಸಾಪ್ ಗುಂಪು ಮಾಡುವುದು ಇವರೇ, ಗೂಗಲ್ ಶೀಟು ಹಾಕುವುದೂ ಇವರೇ. ಶೀಟಿನಲ್ಲಿ ಕೆಲಸದ ಎದುರು ಹೆಸರು, ಹೆಸರಿನ ಎದುರು ಬಣ್ಣ, ಎಲ್ಲ ಅಚ್ಚುಕಟ್ಟು. ಹಬ್ಬದ ಹಿಂದಿನ ಸಂಜೆ ಅಮೆರಿಕದವರೊಂದಿಗೆ ಕಾಲ್ ಇರುತ್ತದೆ.

ಮೂರನೆಯವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ವಿಟಿಯು ನಿಯಮದ ಪ್ರಕಾರ ಪದವಿ ಮುಗಿಯುವುದರೊಳಗೆ 100 ಚಟುವಟಿಕೆ ಅಂಕ ಗಳಿಸಬೇಕಾದ ಈ ಮಕ್ಕಳು ಸಾಹಿತ್ಯ ಪ್ರೇಮದಿಂದ ಬಂದವರಲ್ಲ. ನೋಡಿದರೆ ಹಬ್ಬವನ್ನು ನಿಜವಾಗಿ ಹೊತ್ತು ನಡೆಸುವವರು ಇವರೇ. ಕುರ್ಚಿ ಎಣಿಸಿ ಇಳಿಸಿಕೊಳ್ಳುವುದು, ಬ್ಯಾನರಿಗೆ ಹಗ್ಗ ಕಟ್ಟುವುದು, ದಾರಿ ತಪ್ಪಿ ಕದಿರೇನಹಳ್ಳಿ ಅಂಡರ್‌ಪಾಸಿನ ಆಚೆ ನಿಂತ ಅತಿಥಿಯನ್ನು ಬೈಕಿನಲ್ಲಿ ಕರೆತರುವುದು, ಎಲ್ಲ ಇವರ ಪಾಲಿಗೆ. ಮಧ್ಯಾಹ್ನದ ಹೊತ್ತಿಗೆ ಇವರಲ್ಲಿ ಒಬ್ಬನೋ ಒಬ್ಬಳೋ ಕೊನೆಯ ಸಾಲಿನ ಹಿಂದೆ ಗೋಡೆಗೊರಗಿ, ಕೈಯಲ್ಲಿ ನೀರಿನ ಬಾಟಲಿಗಳ ಕಟ್ಟು ಹಿಡಿದುಕೊಂಡೇ, ಒಂದು ಇಡೀ ಗೋಷ್ಠಿ ಕೇಳುತ್ತಿರುವುದು ಕಾಣಿಸುತ್ತದೆ. ಆ ಹೊತ್ತಿನಲ್ಲಿ ಅವರನ್ನು ಕೂಗಿ ಕರೆಯಬೇಡಿ. ವೇದಿಕೆಯವರಿಗೆ ಬಾಯಾರಿದರೆ ಸ್ವಲ್ಪ ಕಾಯಲಿ.

ಜಾಗ ಮತ್ತು ತಿಂಗಳು

ನವೆಂಬರ್ ಬೇಡ. ರಾಜ್ಯೋತ್ಸವದ ತಿಂಗಳಿಡೀ ಊರಿನ ಒಂದೊಂದು ಶಾಮಿಯಾನ, ಒಂದೊಂದು ಮೈಕ್‌ಸೆಟ್ಟು, ಒಬ್ಬೊಬ್ಬ ನಿರೂಪಕಿ ಮುಂಗಡ ಬುಕ್ ಆಗಿರುತ್ತಾರೆ. ಮೇಲೆ ಮಳೆ ಬೇರೆ. ಫೆಬ್ರುವರಿ, ಮಾರ್ಚ್ ಪರೀಕ್ಷೆ. ಏಪ್ರಿಲಿನಲ್ಲಿ ರಾಮನವಮಿಯ ಸಂಗೀತೋತ್ಸವ, ಬೆಂಗಳೂರು ದಕ್ಷಿಣದ ಕಿವಿಗಳೆಲ್ಲ ಕೋಟೆ ಹೈಸ್ಕೂಲ್ ಮೈದಾನದ ಕಡೆ ತಿರುಗಿರುತ್ತವೆ, ಪಾನಕ ಕೋಸಂಬರಿಯ ಎದುರು ನಿಮ್ಮ ವಿಚಾರ ಸಂಕಿರಣ ನಿಲ್ಲುವುದಿಲ್ಲ.

ಹಾಗಾಗಿ ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಮದುವೆಗಳಿಲ್ಲ. ಕಲ್ಯಾಣ ಮಂಟಪಗಳು ಖಾಲಿ ಹೊಡೆಯುತ್ತಿರುತ್ತವೆ, ವೈಶಾಖದಲ್ಲಿ ಮುಖ ಕೊಟ್ಟು ಮಾತಾಡದ ಮ್ಯಾನೇಜರು "ಬನ್ನಿ ಸಾರ್, ಕೂತ್ಕೊಳಿ, ಕಾಫಿ?" ಎನ್ನುತ್ತಾರೆ. ಅಡುಗೆ ಭಟ್ಟರೂ ಬಿಡುವಾಗಿರುತ್ತಾರೆ. ಶುಭಕಾರ್ಯಗಳಿಗೆ ಆಗದ ಕಾಲ ಸಾಹಿತ್ಯಕ್ಕೆ ಆಗುತ್ತದೆ ಎಂಬುದರಲ್ಲಿ ಏನಾದರೂ ಅರ್ಥವಿದೆಯೇ ಎಂದು ಯೋಚಿಸುತ್ತ ಕೂರಬೇಡಿ, ಮುಂಗಡ ಕೊಟ್ಟು ರಸೀದಿ ಪಡೆಯಿರಿ. ಒಂದೇ ತೊಡಕು: ಈ ಉಪಾಯ ಬೇರೆಯವರಿಗೂ ಹೊಳೆದಿದೆ. ಬೆಂಗಳೂರು ಲಿಟರೇಚರ್ ಫೆಸ್ಟಿವಲ್ ಡಿಸೆಂಬರಿನಲ್ಲಿ, ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಬಹಳ ಸಲ ಡಿಸೆಂಬರ್ ಜನವರಿಯಲ್ಲಿ, ಚಿತ್ರಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಇವುಗಳ ಸಂದಿಯಲ್ಲಿ ಉಳಿದ ಭಾನುವಾರ ನಿಮ್ಮದು.

ಪಾರ್ಕಿನಲ್ಲಿ ಮಾಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮರದ ನೆರಳು, ಕಲ್ಲು ಬೆಂಚು, ಚೆನ್ನಾಗಿಯೇ ಇರುತ್ತದೆ. ಉದ್ಯಾನ, ಆಟದ ಮೈದಾನಗಳನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಯಲು 1985ರ ಒಂದು ಕಾಯ್ದೆ ಇದೆ, ಅನುಮತಿ ಕೇಳಬೇಕು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದ ಮೇಲೆ ಅರ್ಜಿಯ ತಲೆಬರಹದಲ್ಲಿ ಯಾರ ಹೆಸರು ಬರೆಯಬೇಕು ಎಂಬುದಕ್ಕೇ ಒಂದು ಪೂರ್ವಭಾವಿ ಸಭೆ ಬೇಕು. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಮಿತಿ. ಇಬ್ಬರು ಕವಿಗಳು ಪ್ರಶಸ್ತಿಯ ವಿಷಯ ಮಾತಾಡಿಕೊಂಡರೆ ಮೈಕಿಲ್ಲದೆಯೇ ಆ ಗೆರೆ ದಾಟುತ್ತದೆ.

ಮಗ್ಗುಲಲ್ಲೇ ಒಂದು ಮೇಲ್ಪಂಕ್ತಿ ಇದೆ. ಬನಶಂಕರಿ ಎರಡನೇ ಹಂತದ ಬಿ.ವಿ. ಕಾರಂತ ರಸ್ತೆಯ ಸುಚಿತ್ರ, 1971ರಲ್ಲಿ ಸಿನಿಮಾ ಹುಚ್ಚಿನ ಒಂದಷ್ಟು ಜನ ಕಟ್ಟಿಕೊಂಡ ಫಿಲ್ಮ್ ಸೊಸೈಟಿ. ಸದಸ್ಯರ ಚಂದಾ, ಬಿಡುವಿನ ವೇಳೆಯ ದುಡಿಮೆ, ಇಷ್ಟೇ ಬಂಡವಾಳ. ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ಸತ್ಯಜಿತ್ ರೇ. ರೇ ಅವರನ್ನು ಬನಶಂಕರಿಗೆ ಕರೆತಂದವರು ನಮ್ಮ ನಿಮ್ಮ ಹಾಗೆ ಆಫೀಸಿಗೆ ರಜೆ ಹಾಕಿ ಓಡಾಡಿದವರು ಎಂಬುದನ್ನು ಸಮಿತಿಯ ಸಭೆಯಲ್ಲಿ ಆಗಾಗ ಹೇಳುತ್ತಿರಿ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾಗುತ್ತಾರೆ, ಆ ಅವಕಾಶದಲ್ಲಿ ವಂತಿಗೆ ಕೇಳಿಬಿಡಿ.

ಆಹ್ವಾನ ಪತ್ರಿಕೆಯ ಜೋಡಣೆ

ಅತಿ ಸೂಕ್ಷ್ಮ ಬಿಡಿಭಾಗ. ಮೈಕು ಕೆಟ್ಟರೆ ಇನ್ನೊಂದು ಮೈಕು ಸಿಗುತ್ತದೆ. ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದರೆ ಇನ್ನೊಂದು ಸಂಬಂಧ ಸಿಗುವುದಿಲ್ಲ.

ಡಿಟಿಪಿ ಅಂಗಡಿಯ ಹುಡುಗನ ಪಕ್ಕ ಸ್ಟೂಲು ಹಾಕಿಕೊಂಡು ಕೂರಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿ. ಮೂರು ಹೆಸರು, ಸುತ್ತ ಒಳ್ಳೆಯ ಬಿಳಿ ಜಾಗ, ಪತ್ರಿಕೆ ನೋಡಲು ಲಕ್ಷಣವಾಗಿದೆ. ಆ ಬಿಳಿ ಜಾಗವನ್ನು ಕಣ್ತುಂಬ ನೋಡಿಕೊಳ್ಳಿ. ಅಷ್ಟರಲ್ಲಿ ಖಜಾಂಚಿಯ ಫೋನು: "ಸಾರ್, ದೊಡ್ಡೋರೊಬ್ಬರನ್ನ ಮರ್ತೇಬಿಟ್ಟಿದೀವಿ. ಅವರು ಸ್ಟೇಜಿಗೂ ಬರಲ್ಲ, ಮಾತೂ ಆಡಲ್ಲ. ಹೆಸರಿದ್ರೆ ಸಾಕು." ಇಂಥವರಿಗೆಂದೇ 'ಗೌರವ ಉಪಸ್ಥಿತಿ' ಎಂಬ ಸಾಲಿದೆ. ಹಾಕಿ. ಒಬ್ಬರನ್ನೇ ಹಾಕಿದರೆ ಎದ್ದು ಕಾಣುತ್ತದೆ, ಜತೆಗೆ ಇನ್ನಿಬ್ಬರು. ಅವರಲ್ಲೊಬ್ಬರು ತಮಗೆ ಈ ಮೊದಲು ಬೇರೆ ಕಡೆ 'ಘನ ಉಪಸ್ಥಿತಿ' ಇತ್ತು ಎಂದು ತಿಳಿಸುತ್ತಾರೆ. ಸರಿ, ಘನ ಉಪಸ್ಥಿತಿ. ಆಮೇಲೆ ವಿಶೇಷ ಆಹ್ವಾನಿತರು. ಮಾತಾಡಲೇಬೇಕು ಎನ್ನುವವರಿಗೆ ಆಶಯ ನುಡಿ, ಪ್ರಾಸ್ತಾವಿಕ ನುಡಿ, ಶುಭ ನುಡಿ. ಮೂವರೂ ಹೇಳುವುದು ಒಂದೇ, ಆದ್ದರಿಂದ ಯಾರಿಗೆ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಡಿ.

'ಡಾ.' ಹಾಕುವುದೋ ಬಿಡುವುದೋ ಎಂಬ ಸಂದೇಹ ಬಂದರೆ ಹಾಕಿ. ಇಲ್ಲದ ಡಾ. ಹಾಕಿದ್ದೀರಿ ಎಂದು ಯಾರೂ ಜಗಳಕ್ಕೆ ಬಂದದ್ದಿಲ್ಲ. ಫೋಟೊ ಹಾಕುವುದಾದರೆ ಎಲ್ಲರದೂ ಒಂದೇ ಗಾತ್ರ, ಇಲ್ಲವೆ ಯಾರದೂ ಬೇಡ. ಕೆಲವರು ಇಪ್ಪತ್ತು ವರ್ಷದ ಹಿಂದಿನ ಫೋಟೊ ಕಳಿಸುತ್ತಾರೆ. ಬಾಗಿಲಲ್ಲಿ ನಿಂತ ಸ್ವಯಂಸೇವಕರಿಗೆ ಗುರುತು ಸಿಗದೆ "ಅಂಕಲ್, ರಿಜಿಸ್ಟ್ರೇಶನ್ ಆ ಕಡೆ" ಎಂದುಬಿಟ್ಟರೆ ಅದರ ಹೊಣೆ ಈ ಕೈಪಿಡಿಯದಲ್ಲ.

ಅಂತಿಮ ಕರಡನ್ನು ಮುದ್ರಣಕ್ಕೆ ಕೊಡುವ ಮೊದಲು ಒಂದೇ ಒಂದು ಪರೀಕ್ಷೆ: ಕಾರ್ಯಕ್ರಮ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಇನ್ನೂ ಇದೆಯೇ ನೋಡಿ. ಕೊನೆಯ ನಾಲ್ಕು ಹೆಸರುಗಳಿಗೆ ಅದನ್ನು ತೆಗೆದೇ ಜಾಗ ಮಾಡಿರುತ್ತಾರೆ.

(ಬೀದಿಯಲ್ಲಿ ಫ್ಲೆಕ್ಸ್ ಕಟ್ಟುವ ಯೋಚನೆ ಬೇಡ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಅದಕ್ಕೆ ನಿಷೇಧವಿದೆ. ಬಟ್ಟೆಯ ಬ್ಯಾನರ್ ಬರೆಯುವ ಕಲಾವಿದರು ಕಡಿಮೆಯಾಗಿದ್ದಾರೆ. ಸಿಕ್ಕಿದರೆ ಅವರನ್ನೇ ಮುಖ್ಯ ಅತಿಥಿ ಮಾಡಿದರೂ ತಪ್ಪಿಲ್ಲ.)

ಚಾಲನೆ

ಪತ್ರಿಕೆಯಲ್ಲಿ 10 ಗಂಟೆ ಎಂದಿದ್ದರೆ ಸಭಿಕರು 11ಕ್ಕೆ ಬರುತ್ತಾರೆ. ಅದು ಅವರಿಗೂ ಗೊತ್ತು, ನಿಮಗೂ ಗೊತ್ತು. ಹೊರಗಿನಿಂದ ಬಂದ ಅತಿಥಿಗೆ ಮಾತ್ರ ಗೊತ್ತಿರುವುದಿಲ್ಲ. ವಿಚಿತ್ರವೆಂದರೆ ಇದೇ ಜನ ಜೆ.ಪಿ. ನಗರದ ರಂಗಶಂಕರಕ್ಕೆ ಏದುಸಿರು ಬಿಡುತ್ತ ಓಡುತ್ತಾರೆ. ಅಲ್ಲಿ 2004ರಲ್ಲಿ ಬಾಗಿಲು ತೆರೆದಂದಿನಿಂದ ಒಂದು ಶಿಸ್ತು: ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಯಾರಾದರೂ ಸರಿ. ದಾಕ್ಷಿಣ್ಯವಿಲ್ಲದ ಬಾಗಿಲು. ನೀವೂ ಹಾಗೆ ಮಾಡಬಹುದಲ್ಲ ಎಂದರೆ, ನಿಮ್ಮ ಬಾಗಿಲ ಹೊರಗೆ ಉಳಿಯುವವರು ಉದ್ಘಾಟಕರೇ ಆಗಿರುವುದರಿಂದ ಕಷ್ಟ.

ನಾಡಗೀತೆಗೆ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡಿನ ಮಿತಿ ಹಾಕಿದೆ. ಇಡೀ ಉದ್ಘಾಟನಾ ಸಮಾರಂಭದಲ್ಲಿ ಕಾಲಮಿತಿಗೆ ಒಳಪಟ್ಟ ಭಾಗ ಅದೊಂದೇ. ದೀಪ ಬೆಳಗುವಾಗ ಫ್ಯಾನ್ ಆಫ್ ಮಾಡಿ. ಸ್ವಾಗತ ಭಾಷಣ ಮಾಡುವವರಿಗೆ ವೇದಿಕೆಯಲ್ಲಿರುವವರ ಹೆಸರಷ್ಟೇ ಸಾಕು, ಎದುರಿಗೆ ಕೂತವರ ಹೆಸರು ಬೇಡ ಎಂದು ಕಾಲು ಹಿಡಿದು ಹೇಳಿ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಇವನ್ನು ಒಂದೇ ಸಾಲಿನಲ್ಲಿ ಜೋಡಿಸಿಡಿ. ತಟ್ಟೆ ಹಿಡಿದ ಮಕ್ಕಳು ಎಡದಿಂದ ಬಂದು ಬಲಕ್ಕೆ ಹೋಗಲಿ, ಇಲ್ಲದಿದ್ದರೆ ಒಬ್ಬರಿಗೆ ಎರಡು ಶಾಲು, ಇನ್ನೊಬ್ಬರಿಗೆ ಎರಡು ಹಣ್ಣಿನ ಬುಟ್ಟಿ ಸಂದಾಯವಾಗುತ್ತದೆ.

ಕವಿಗೋಷ್ಠಿ ಘಟಕ: ವಿಶೇಷ ಸೂಚನೆ

ಮೊದಲ ವರ್ಷ 12 ಕವಿಗಳು, ಮೂರನೆಯ ವರ್ಷಕ್ಕೆ 40. ಒಬ್ಬೊಬ್ಬರಿಗೆ 3 ನಿಮಿಷ. ಲೆಕ್ಕ ಸುಲಭ, ಎರಡು ಗಂಟೆಯಲ್ಲಿ ಮುಗಿಯಬೇಕು. ಮುಗಿಯುವುದಿಲ್ಲ. ಮೈಕಿನ ಎತ್ತರ ಸರಿಮಾಡಿಕೊಂಡು, ಬೆರಳಿನಿಂದ ಎರಡು ಸಲ ತಟ್ಟಿ, ಹಲೋ ಅನ್ನುವುದಕ್ಕೆ ತಲಾ 20 ಸೆಕೆಂಡು ಹಿಡಿದರೂ 13 ನಿಮಿಷ ಅಲ್ಲೇ ಹೋಯಿತು. ಕವಿತೆ ಮೊಬೈಲಿನಲ್ಲಿರುತ್ತದೆ, ಹುಡುಕುವಾಗ ಶುಭೋದಯದ ಚಿತ್ರಗಳ ನಡುವೆ ಕಳೆದುಹೋಗಿರುತ್ತದೆ, ಸಿಕ್ಕ ಕ್ಷಣವೇ ಯಾರೋ ಫೋನ್ ಮಾಡುತ್ತಾರೆ. ನಂತರ ಕವಿತೆಯ ಹಿನ್ನೆಲೆ. ಹಿನ್ನೆಲೆ ಯಾವಾಗಲೂ ಕವಿತೆಗಿಂತ ಉದ್ದವಿರುತ್ತದೆ, ಬಹಳ ಸಲ ಚೆನ್ನಾಗಿಯೂ ಇರುತ್ತದೆ. ಮುಗಿಯಿತು ಎಂದು ನೀವು ಚಪ್ಪಾಳೆಗೆ ಕೈ ಎತ್ತಿದಾಗ "ಇನ್ನೊಂದು ಪುಟ್ಟ ಹನಿಗವನ, ಅರ್ಧ ನಿಮಿಷ" ಎಂಬ ದನಿ.

ಓದಿದ ಕವಿಗಳು ಜತೆಗೆ ಬಂದ ಮನೆಯವರೊಂದಿಗೆ ಹೊರಟುಹೋಗುವುದು ಈ ಘಟಕದ ಹಳೆಯ ದೋಷ. ಕವಿಗಳು ಒಬ್ಬೊಬ್ಬರಾಗಿ ಇಳಿದಂತೆ ಸಭೆಯೂ ಕರಗುತ್ತ ಬಂದು, ಕೊನೆಯವರು ಓದುವಾಗ ಉಳಿದಿರುವುದು ಅಧ್ಯಕ್ಷರು, ನಿರೂಪಕಿ ಮತ್ತು ಮೈಕಿನವರು. ಇದಕ್ಕೆ ನಾಡಿನಾದ್ಯಂತ ಕಂಡುಕೊಂಡಿರುವ ಪರಿಹಾರ: ಪ್ರಮಾಣಪತ್ರವನ್ನು ಕೊನೆಯಲ್ಲಿ ಕೊಡುವುದು. ಹೆಸರು ಬರೆದ ಪ್ರಮಾಣಪತ್ರಗಳ ಕಟ್ಟನ್ನು ಎಲ್ಲರಿಗೂ ಕಾಣುವಂತೆ ವೇದಿಕೆಯ ಮೇಜಿನ ಮೇಲಿಡಿ. ಮೇಲೊಂದು ಭಾರದ ಕಲ್ಲು.

ಒಂದು ಮಾತು ತಮಾಷೆ ಬಿಟ್ಟು. ನಲವತ್ತರ ಪಟ್ಟಿಯನ್ನು ಮಾಡುವುದು ಹೇಗೆ ಎಂದು ನೋಡಿ. ಮೊದಲ ಹತ್ತು ಹೆಸರು ಸಮಿತಿಯವರ ಕಡೆಯವು, ಮುಂದಿನ ಹದಿನೈದು ದಾನಿಗಳ ಕಡೆಯವು, ಉಳಿದವು ಅವರಿವರ ಫೋನಿನಿಂದ ಬಂದವು. ಯಾರ ಶಿಫಾರಸೂ ಇಲ್ಲದೆ, ಪತ್ರಿಕೆಯಲ್ಲಿ ನೋಡಿ ಕವಿತೆ ಕಳಿಸಿದವರು 37ನೆಯವರಾಗುತ್ತಾರೆ. ಯಾವುದೋ ನರ್ಸಿಂಗ್ ಹೋಮಿನಲ್ಲಿ ಕೆಲಸ, ಸಂಜೆಯ ಪಾಳಿ ಇದೆ, ಬೆಳಗಿನಿಂದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಎಂಟು ಸಾಲು. ಅವರ ಸರದಿ ಬರುವ ಹೊತ್ತಿಗೆ ಅವರು ಹೋಗಿಬಿಟ್ಟಿರುತ್ತಾರೆ. ಪ್ರಮಾಣಪತ್ರದ ಆಸೆ ಪಾಳಿಯ ಮುಂದೆ ನಡೆಯುವುದಿಲ್ಲ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಕರೆಯಿರಿ. ದಾನಿಗಳ ಕಡೆಯವರು ಕಾಯುತ್ತಾರೆ, ಅವರಿಗೆ ಕಾರಿದೆ. ಈ ಕೈಪಿಡಿಯಲ್ಲಿ ನೀವು ಪಾಲಿಸಲೇಬೇಕಾದ ಸೂಚನೆ ಇದೊಂದೇ, ಉಳಿದದ್ದನ್ನು ಪಾಲಿಸಿದರೂ ಬಿಟ್ಟರೂ ಹಬ್ಬ ನಡೆಯುತ್ತದೆ.

ಊಟ

ಬಿಸಿಬೇಳೆಬಾತ್, ಮೊಸರನ್ನ, ಕೇಸರಿಬಾತ್. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಮ್ಮೇಳನದ ಹೊತ್ತಿಗೆ ಬಾಡೂಟ ಬೇಕೆಂದು ಚಳವಳಿಯೇ ಎದ್ದಿತ್ತು. ಅದು ನ್ಯಾಯವಾದ ಪ್ರಶ್ನೆ, ನಿಮ್ಮ ಸಮಿತಿಯಲ್ಲೂ ಚರ್ಚೆಯಾಗಲಿ. ಮುಗಿಯುವುದರೊಳಗೆ ಮಾತ್ರ ಊಟ ಬಡಿಸಿಬಿಡಿ.

ಪುಸ್ತಕ ಮಳಿಗೆ

ಪ್ರಕಾಶಕರಿಗೆ ಮೇಜು ಬಿಟ್ಟಿ ಕೊಡಿ, ಕಾಫಿಯ ಪಕ್ಕದಲ್ಲೇ ಕೊಡಿ. ಜನ ಪುಸ್ತಕ ಎತ್ತುತ್ತಾರೆ, ಬೆನ್ನುಡಿ ಓದುತ್ತಾರೆ, ಬೆಲೆ ನೋಡಿ ಇಡುತ್ತಾರೆ. "ಡಿಸ್ಕೌಂಟ್ ಎಷ್ಟು?" ಎಂದು ಕೇಳಿದವರು ಅರ್ಧ ಕೊಂಡಂತೆ. ಅದೇ ಮೇಜಿನ ಹಿಂದೆ ಕೂತ ಲೇಖಕರು ಗುರುತಿನವರಾಗಿದ್ದರೆ ಅವರಿಂದ ಪುಸ್ತಕ ಗೌರವ ಪ್ರತಿಯಾಗಿ ಬರಲಿ ಎಂದು ಕಾಯುವವರೇ ಹೆಚ್ಚು, ಲೇಖಕರೂ ದಾಕ್ಷಿಣ್ಯಕ್ಕೆ ಕೊಟ್ಟುಬಿಡುತ್ತಾರೆ. ಇದನ್ನು ಮಳಿಗೆಯ ಕೆಲಸಕ್ಕೆ ನಿಂತ ವಿದ್ಯಾರ್ಥಿಗಳು ತಡೆಯಬೇಕು. ಲೇಖಕರನ್ನು ಮೇಜಿನ ಹಿಂದೆ ಕೂರಿಸಬೇಡಿ, ಮುಂದೆ ಕೂರಿಸಿ.

ಓದುವ ಅಭ್ಯಾಸ ಕಡಿಮೆಯಾಗಿದೆ ಎಂದು ವೇದಿಕೆಯಿಂದ ಮರುಗುವವರಿಗೆ ಒಂದು ಚೀಟಿ ಕಳಿಸಿ: 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆಯ ಜತೆ ಶೇಕಡ 6 ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಅದು ಎಲ್ಲಿ ಹೋಗುತ್ತಿದೆ ಎಂಬುದರ ಬಗ್ಗೆ ಒಂದು ಗೋಷ್ಠಿ ಇಟ್ಟರೆ, ಕಾದಂಬರಿಯ ಭವಿಷ್ಯದ ಗೋಷ್ಠಿಗಿಂತ ಹೆಚ್ಚು ಜನ ಎಚ್ಚರವಾಗಿ ಕೂರುತ್ತಾರೆ.

ಸಾಮರ್ಥ್ಯ ಹೆಚ್ಚಿಸುವ ವಿಧಾನ

ಮೊದಲ ವರ್ಷ ಎಷ್ಟು ಜನ ಬಂದರು ಎಂಬುದಕ್ಕೆ ಕುಗ್ಗಬೇಡಿ. ಜೈಪುರ ಸಾಹಿತ್ಯೋತ್ಸವದ ಶುರುವಿನ ಒಂದು ಓದಿಗೆ ಬಂದವರು 14 ಜನ, ಅವರಲ್ಲಿ ಹೆಚ್ಚಿನವರು ದಾರಿ ತಪ್ಪಿದ ಜಪಾನಿ ಪ್ರವಾಸಿಗರು ಎಂದು ಅದರ ಸ್ಥಾಪಕರಲ್ಲೊಬ್ಬರಾದ ವಿಲಿಯಂ ಡಾಲ್‌ರಿಂಪಲ್ ಹೇಳಿಕೊಂಡು ಬಂದಿದ್ದಾರೆ. ಪದ್ಮನಾಭನಗರದ ಅಡ್ಡರಸ್ತೆಗಳಲ್ಲಿ ದಾರಿ ತಪ್ಪುವುದು ಜೈಪುರಕ್ಕಿಂತ ಸುಲಭ.

ಎರಡನೇ ವರ್ಷ ಎರಡು ದಿನ. ಮೂರನೇ ವರ್ಷ ಯಾರೋ 'ಸಮಾನಾಂತರ ಗೋಷ್ಠಿ' ಎನ್ನುತ್ತಾರೆ. ಇದ್ದ 80 ಜನ ಎರಡು ಸಭಾಂಗಣಗಳಿಗೆ 30, 30 ಎಂದು ಹಂಚಿಹೋಗಿ, ಮಿಕ್ಕ 20 ಜನ ಕಾಫಿಯ ಹತ್ತಿರ ಮೂರನೆಯ ಗೋಷ್ಠಿ ನಡೆಸುತ್ತಾರೆ. ಚರ್ಚೆ ನಿಜವಾಗಿ ಕಾವೇರುವುದು ಅಲ್ಲಿಯೇ. ನಾಲ್ಕನೇ ವರ್ಷ ಪ್ರಾಯೋಜಕರು. ನಿವೇಶನ ಮಾರುವವರು, ಒಡವೆ ಅಂಗಡಿಯವರು, ರಕ್ತಪರೀಕ್ಷೆಯ ಲ್ಯಾಬಿನವರು. ಗಮಕ ವಾಚನ ಮುಗಿದ ಕೂಡಲೇ ಕನಕಪುರ ರಸ್ತೆಯ ಪ್ಲಾಟುಗಳ ಮಾಹಿತಿ, ಸಭಾಂಗಣದ ಬಾಗಿಲಲ್ಲಿ ಉಚಿತ ಬಿಪಿ, ಶುಗರ್ ತಪಾಸಣೆ. ಬಿಪಿಯನ್ನು ಕವಿಗೋಷ್ಠಿಗೆ ಮೊದಲೇ ಅಳೆಯುವಂತೆ ಅವರಿಗೆ ಹೇಳಿ, ಇಲ್ಲದಿದ್ದರೆ ಅಂಕಿಅಂಶ ಕೆಡುತ್ತದೆ.

ಪ್ರಾಯೋಜಕರಿಲ್ಲದೆ ಆಗುವುದಿಲ್ಲವೇ ಎಂದರೆ, ಆಗುತ್ತದೆ. ಬೆಂಗಳೂರು ಲಿಟರೇಚರ್ ಫೆಸ್ಟಿವಲ್ 2012ರಲ್ಲಿ ಹುಟ್ಟಿದ್ದು. ದೊಡ್ಡ ಹೆಸರುಗಳು, ಸ್ಟಾರ್ ಹೋಟೆಲಿನ ಹುಲ್ಲುಹಾಸು ಎಲ್ಲ ಇದ್ದರೂ ಅದನ್ನು ನಡೆಸುವವರು ಸ್ವಯಂಸೇವಕರೇ, ಖರ್ಚು ನಾಗರಿಕರ ದೇಣಿಗೆಯಿಂದ, ಪ್ರವೇಶ ಉಚಿತ. 2015ರಲ್ಲಿ ಪ್ರಶಸ್ತಿ ವಾಪಸಿಯ ಗದ್ದಲದಲ್ಲಿ ಕೆಲವು ಲೇಖಕರು ಬರುವುದಿಲ್ಲ ಎಂದರು, ಸ್ಥಾಪಕರಲ್ಲೊಬ್ಬರಾದ ವಿಕ್ರಮ್ ಸಂಪತ್ ಹೊಣೆ ಬಿಟ್ಟು ಸರಿದರು; ಹಬ್ಬ ನಿಲ್ಲಲಿಲ್ಲ. 2025ರಲ್ಲಿ ಹೋಟೆಲು ಬಿಟ್ಟು ಫ್ರೀಡಂ ಪಾರ್ಕಿಗೆ ಬಂತು, ತುರ್ತು ಪರಿಸ್ಥಿತಿಯಲ್ಲಿ ಸ್ನೇಹಲತಾ ರೆಡ್ಡಿಯವರನ್ನು ಕೂಡಿಹಾಕಿದ್ದ ಹಳೆಯ ಸೆಂಟ್ರಲ್ ಜೈಲಿನ ಆವರಣಕ್ಕೆ. ಹತ್ತಿರದ ಇನ್ನೊಂದು ಉದಾಹರಣೆ ಸಂಗೀತದ್ದು: ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರುಮಾಡಿದ ರಾಮನವಮಿ ಉತ್ಸವ, ತಲೆಮಾರುಗಳು ದಾಟಿ ಇನ್ನೂ ನಡೆದಿದೆ.

ಆದರೆ ಇವುಗಳನ್ನು ನೋಡಿ ನೀವೂ ಹಿಗ್ಗಬೇಕಿಲ್ಲ. ನನ್ನನ್ನು ಕೇಳಿದರೆ ಎರಡನೇ ವರ್ಷದ ಗಾತ್ರಕ್ಕೇ ಬೀಗ ಜಡಿಯಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1949ರಷ್ಟು ಹಳೆಯದು, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು, ದೇಶವೇ ಹೆಗ್ಗೋಡಿನ ಕಡೆ ನೋಡಿತು. ಅದರ ಸಂಸ್ಕೃತಿ ಶಿಬಿರಕ್ಕೆ ಮಾತ್ರ ಇವತ್ತಿಗೂ ಮೊದಲೇ ಹೆಸರು ಕೊಟ್ಟು ಹೋಗಬೇಕು. ಬಡಿಸಲಾಗುವಷ್ಟು ಎಲೆಗೆ ಕರೆಯುವ ಈ ನಡವಳಿಕೆಗೆ ಜಂಭ ಎನ್ನುವವರಿದ್ದಾರೆ. ನನಗೆ ಅದು ಮರ್ಯಾದೆಯಾಗಿ ಕಾಣುತ್ತದೆ.

ಹಿಗ್ಗಲೇಬೇಕು ಎಂದಿದ್ದರೆ ನೋಂದಣಿ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ 7 ಜನ ಬೇಕು. ಏಳು ಜನ ಆದಕೂಡಲೇ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಖಜಾಂಚಿ ಐದು ಹುದ್ದೆಯಾಗಿ, ಇಬ್ಬರು ಬರಿಯ ಸದಸ್ಯರಾಗಿ ಉಳಿಯುತ್ತಾರೆ. ಮುಂದಿನ ವಿಭಾಗ ಆ ಇಬ್ಬರಿಂದ ಶುರುವಾಗುತ್ತದೆ.

ಹೋಳಾದರೆ

ಗಾಬರಿಯಾಗಬೇಡಿ, ಇದು ತಯಾರಿಕೆಯ ದೋಷವಲ್ಲ. ಕನ್ನಡದಲ್ಲಿ ಸಮ್ಮೇಳನಗಳು ಹೆರುವುದೇ ಹೀಗೆ. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದರು, ಕನ್ನಡ ಸಾಹಿತ್ಯ ಪರಿಷತ್ತು ಕೊಡಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಒಂದು ಗೋಷ್ಠಿಯ ಜಾಗ ಉಳಿಸಲು ಹೋಗಿ ಒಂದು ಸಾಹಿತ್ಯ ಚಳವಳಿಯೇ ಎದುರು ನಿಂತಿತು. ಮೂಡುಬಿದಿರೆಯಲ್ಲಿ 2004ರಿಂದ ಆಳ್ವಾಸ್ ನುಡಿಸಿರಿ ವೈಭವವಾಗಿ ನಡೆಯುತ್ತಿತ್ತು. ಅದನ್ನು ಒಪ್ಪದವರು 2013ರಲ್ಲಿ ಮಂಗಳೂರಿನಲ್ಲಿ ಜನನುಡಿ ಕಟ್ಟಿದರು. ಗದಗಿನಲ್ಲಿ 2014ರಲ್ಲಿ ಮೇ ಸಾಹಿತ್ಯ ಮೇಳ ಹುಟ್ಟಿತು. ಇವುಗಳಲ್ಲಿ ಇದ್ದದ್ದು ವಿಚಾರದ ಜಗಳ, ಬೆಲೆಯುಳ್ಳ ಜಗಳ. ಕೇಳಿದವರಿಗೆ ಗೋಷ್ಠಿ ಕೊಡದ ನಿಷ್ಠುರ ಬೇರೆ, ಕೇಳಿದವರಿಗೆಲ್ಲ ಶಾಲು ಹೊದಿಸುವ ದಾಕ್ಷಿಣ್ಯ ಬೇರೆ. ಎರಡನ್ನೂ ಒಟ್ಟಿಗೆ ಮಾಡುವ ಸಮಿತಿಗಳು ನಮ್ಮಲ್ಲಿ ಧಾರಾಳ.

ನಿಮ್ಮ ಹೋಳು ಅಷ್ಟು ಘನವಾದ ಕಾರಣಕ್ಕೆ ಆಗುವುದಿಲ್ಲ. ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯಲ್ಲಿ ಯಾರ ಹೆಸರು ಮೊದಲು ಎಂಬುದಕ್ಕೆ ಆಗುತ್ತದೆ. ಮುಂದಿನ ವರ್ಷ ಚಿಕ್ಕಲ್ಲಸಂದ್ರದಲ್ಲಿ ಇನ್ನೊಂದು ಹಬ್ಬ, ಅದೇ ಧನುರ್ಮಾಸ, ಅದೇ ಶಾಮಿಯಾನ. ಹೋಗಿ, ಮುಂದಿನ ಸಾಲಿನಲ್ಲಿ ಕೂರಿ. ಅವರು ನಿಮ್ಮನ್ನು ವೇದಿಕೆಗೆ ಕರೆದೇ ಕರೆಯುತ್ತಾರೆ, ದಾಕ್ಷಿಣ್ಯಕ್ಕೆ.

ದಾಸ್ತಾನು ಮತ್ತು ಹಸ್ತಾಂತರ

ಮುಗಿದ ರಾತ್ರಿ ಉಳಿಯುವುದು: ಹಂಚಿ ಮಿಕ್ಕ ಸ್ಮರಣ ಸಂಚಿಕೆಗಳ ಎರಡು ಕಟ್ಟು, ಇಸವಿ ಬರೆದದ್ದರಿಂದ ಮತ್ತೆ ಬಳಸಲಾಗದ ಬ್ಯಾನರು, ಯಾರದೆಂದು ತಿಳಿಯದ ಒಂದು ಕನ್ನಡಕ, ಬಾರದ ಅತಿಥಿಯ ಹೆಸರು ಕೆತ್ತಿದ ಸ್ಮರಣಿಕೆ, ಕುರ್ಚಿ ಎಣಿಸಿ ಎರಡು ಕಡಿಮೆ ಇವೆ ಎನ್ನುತ್ತಿರುವ ಶಾಮಿಯಾನದವರು. ಇವನ್ನೆಲ್ಲ ಒಂದು ಟ್ರಂಕಿಗೆ ತುಂಬಿ (ಶಾಮಿಯಾನದವರನ್ನು ಬಿಟ್ಟು) ಸಂಚಾಲಕರ ಮನೆಯ ಅಟ್ಟಕ್ಕೆ ಸೇರಿಸಿ. ಮನೆಯವರು ಏನಾದರೂ ಅಂದರೆ ಕೇಳಿಸಿಕೊಳ್ಳಿ, ಅವರ ಮಾತಿನಲ್ಲಿ ಹುರುಳಿದೆ.

ಎರಡು ವಾರದ ನಂತರ ಲೆಕ್ಕಪತ್ರದ ಸಭೆ. ಜಮಾಖರ್ಚು ಓದಿ, ಕೈಯಿಂದ ಬಿದ್ದದ್ದೆಷ್ಟು ಎಂದು ಮೆಲ್ಲಗೆ ಹೇಳಿ, ಇಡ್ಲಿ ತಿಂದು, ಕೊನೆಯ ವಿಷಯಕ್ಕೆ ಬನ್ನಿ: ಮುಂದಿನ ವರ್ಷದ ಸಂಚಾಲಕರ ಆಯ್ಕೆ. ಬಂದವರೆಲ್ಲ ಅಂದು ಒಮ್ಮೆಗೇ ನೆಲ ನೋಡುತ್ತಾರೆ. ಒತ್ತಾಯ ಬೇಡ. ಆ ಸಭೆಗೆ ಬಾರದ ಒಬ್ಬರನ್ನು ಅವಿರೋಧವಾಗಿ ಆರಿಸಿ, ಚಪ್ಪಾಳೆ ತಟ್ಟಿ, ನಿರ್ಣಯ ಬರೆದು ಸಹಿ ಮಾಡಿ.

ಈ ಕೈಪಿಡಿಯನ್ನು ಓದುತ್ತ ಕೂತು ನೀವು ಆ ಸಭೆ ತಪ್ಪಿಸಿಕೊಂಡಿದ್ದರೆ, ರಸೀದಿ ಪುಸ್ತಕ ಮತ್ತು ಟ್ರಂಕು ನಾಳೆ ಬೆಳಗ್ಗೆ ಎಂಟಕ್ಕೆ ನಿಮ್ಮ ಮನೆಗೆ ಬರುತ್ತವೆ. ಆಟೋ ಬಾಡಿಗೆ ನೀವೇ ಕೊಡಬೇಕು.